ಹಂಚುವ ಕೈಗೂ ಬೇಕಾದ ಅನುದಾನ: ಕೋವಿಡ್ ಕಾಲದ ನ್ಯೂಯಾರ್ಕ್ ನಗರದ ಆಹಾರ ನೆರವು

2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಅನ್ನಕ್ಕೆ ಬರ ಬಂದಿರಲಿಲ್ಲ; ಹೋಟೆಲು, ಟ್ಯಾಕ್ಸಿ, ಮನೆಗೆಲಸ ನಂಬಿ ಬದುಕುತ್ತಿದ್ದವರ ಕೈಗೆ ಕಾಸು ಬರುವುದು ನಿಂತುಹೋಗಿತ್ತು. ಅದುವರೆಗೆ ಸುಮಾರು 10 ಲಕ್ಷವಿದ್ದ ಆಹಾರ ಅಭದ್ರರ ಸಂಖ್ಯೆ 20 ಲಕ್ಷ ಮುಟ್ಟಬಹುದೆಂದು ನಗರಾಡಳಿತವೇ ಅಂದಾಜಿಸಿತು. ಅಂಥ ಹೊತ್ತಿನಲ್ಲೇ, ಉಚಿತವಾಗಿ ದಿನಸಿ ಹಂಚುವ ಫುಡ್ ಪ್ಯಾಂಟ್ರಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬಾಗಿಲು ಹಾಕಿದ್ದವು. ಇವುಗಳಲ್ಲಿ ಅನೇಕವು ಚರ್ಚಿನ ನೆಲಮಾಳಿಗೆಯಲ್ಲೋ ಸಮುದಾಯ ಭವನದ ಒಂದು ಕೋಣೆಯಲ್ಲೋ ನಡೆಯುವಂಥವು. ಅಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ ನಿವೃತ್ತರೇ ಹೆಚ್ಚು. ಸೋಂಕು ಹರಡಿದಾಗ ಮನೆಯಿಂದ ಹೊರಬರಬಾರದೆಂದು ಮೊದಲು ಹೇಳಿಸಿಕೊಂಡವರೂ ಅವರೇ.

ನಗರಾಡಳಿತ ಕೈಕಟ್ಟಿ ಕೂರಲಿಲ್ಲ. ಮಾರ್ಚ್‌ನಲ್ಲೇ ನೈರ್ಮಲ್ಯ ಇಲಾಖೆಯ ಆಯುಕ್ತೆ ಕ್ಯಾಥರಿನ್ ಗಾರ್ಸಿಯಾ ಅವರಿಗೆ ಆಹಾರ ವ್ಯವಸ್ಥೆಯ ಹೊಣೆ ವಹಿಸಲಾಯಿತು. ಏಪ್ರಿಲ್ 3ರಿಂದ 400ಕ್ಕೂ ಹೆಚ್ಚು ಶಾಲಾ ಕೇಂದ್ರಗಳಲ್ಲಿ ವಯಸ್ಕರಿಗೂ ಊಟ ಸಿಗತೊಡಗಿತು. ಗುರುತಿನ ಚೀಟಿ ಕೇಳುವಂತಿರಲಿಲ್ಲ, ಹೆಸರು ಬರೆಸಬೇಕಿರಲಿಲ್ಲ. ಶಾಲಾ ಊಟದ ಯೋಜನೆಗಳಡಿ ಫೆಡರಲ್ ಕೃಷಿ ಇಲಾಖೆ ಹಣ ತುಂಬಿಕೊಡುವುದು ಮಕ್ಕಳ ಊಟಕ್ಕೆ ಮಾತ್ರ. ಹಣ ಎಲ್ಲಿಂದ ವಾಪಸು ಬರುತ್ತದೆಂದು ಲೆಕ್ಕ ಹಾಕುತ್ತ ಕೂರದೆ ವಯಸ್ಕರಿಗೂ ತಟ್ಟೆ ಹಾಕಿದ್ದು, ನನ್ನ ದೃಷ್ಟಿಯಲ್ಲಿ, ಆ ನಗರದ ಅತಿ ದೊಡ್ಡ ಕೆಲಸ. ಕಾಗದಪತ್ರವಿಲ್ಲದ ವಲಸಿಗರು ಹೆದರದೆ ಸಾಲಿಗೆ ಬಂದು ನಿಲ್ಲಲು, ಗುರುತಿನ ಚೀಟಿ ಕೇಳದಿದ್ದದ್ದೇ ದಾರಿ ಮಾಡಿತು.

ಏಪ್ರಿಲ್ 15ರಂದು ನಗರದ 17 ಕೋಟಿ ಡಾಲರಿನ ಆಹಾರ ನೆರವಿನ ಯೋಜನೆ ಪ್ರಕಟವಾಯಿತು. ಮನೆ ಬಿಟ್ಟು ಬರಲಾಗದ ವೃದ್ಧರಿಗೆ ಊಟ ತಲುಪಿಸಲು 11,000ಕ್ಕೂ ಹೆಚ್ಚು ಟ್ಯಾಕ್ಸಿ ಚಾಲಕರನ್ನು ಹಚ್ಚಿಕೊಂಡದ್ದರಿಂದ, ಬಾಡಿಗೆ ಕಳೆದುಕೊಂಡಿದ್ದವರಿಗೂ ದುಡಿಮೆ ಸಿಕ್ಕಿತು. ಆ ವರ್ಷದ ರಂಜಾನಿಗೆ ಘೋಷಿಸಿದ 5 ಲಕ್ಷ ಹಲಾಲ್ ಊಟಗಳಲ್ಲಿ 4 ಲಕ್ಷ ಶಾಲಾ ಕೇಂದ್ರಗಳ ಪಾಲು, 1 ಲಕ್ಷ ಸಮುದಾಯ ಸಂಸ್ಥೆಗಳ ಪಾಲು. ಯಾವ ಬೀದಿಯಲ್ಲಿ ಯಾರು ಉಪವಾಸವಿದ್ದಾರೆ, ಯಾವ ಭಾಷೆಯಲ್ಲಿ ಮಾತಾಡಿಸಿದರೆ ಬಾಗಿಲು ತೆಗೆಯುತ್ತಾರೆ ಎಂಬುದು ಇಂಥ ಸಂಸ್ಥೆಗಳಿಗೇ ಗೊತ್ತು.

ಆ ಸಂಸ್ಥೆಗಳಿಗೆ ನೆರವು ಯಾವ ರೂಪದಲ್ಲಿ ಹೋಯಿತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಪ್ಯಾಂಟ್ರಿಗಳಿಗೂ ಬಿಸಿ ಊಟ ಬಡಿಸುವ ಸೂಪ್ ಕಿಚನ್‌ಗಳಿಗೂ ತುರ್ತಾಗಿ 2.5 ಕೋಟಿ ಡಾಲರ್ ಮೀಸಲಾಯಿತು. ಆದರೆ ಅವುಗಳಿಗೆ ಮೊದಲಿನಿಂದ ಆಸರೆಯಾಗಿದ್ದ ನಗರದ ತುರ್ತು ಆಹಾರ ನೆರವು ಕಾರ್ಯಕ್ರಮ ಕೊಡುತ್ತಿದ್ದುದು ಮುಖ್ಯವಾಗಿ ಸಾಮಾನು: ಡಬ್ಬಿ ಆಹಾರ, ಒಣ ಕಾಳು, ಅಕ್ಕಿ. ಡಬ್ಬಿಗಳನ್ನು ಗೋಡೆಗೊತ್ತಿ ಪೇರಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸೊಪ್ಪಿನ ಪೆಟ್ಟಿಗೆ ಹಾಗಲ್ಲ. ಇಳಿಸಿದ ದಿನವೇ ಬಿಡಿಸಬೇಕು, ಬಾಡಿದ ಎಲೆ ತೆಗೆಯಬೇಕು, ಚೀಲಕ್ಕೆ ತುಂಬಬೇಕು, ಉಳಿದದ್ದನ್ನು ತಂಪಿನಲ್ಲಿಡಬೇಕು. ಮುಂದೆ ತಾಜಾ ಹಣ್ಣು ತರಕಾರಿಯ ಸರಬರಾಜೂ ಶುರುವಾಯಿತು. ತರಕಾರಿ ಬಂದಮೇಲೆ ಫ್ರಿಜ್ಜು, ಅದರ ಕರೆಂಟು ಬಿಲ್ಲು, ಹೊತ್ತಿಳಿಸುವ ಆಳಿನ ಕೂಲಿ ಎಲ್ಲವೂ ಬೇಕು. ಊಟಗಳ ಸಂಖ್ಯೆಯನ್ನೇ ಸಾಧನೆಯೆಂದು ತೋರಿಸುವ ವರದಿಗಳಲ್ಲಿ ಈ ಖರ್ಚುಗಳು ಕಾಣುವುದಿಲ್ಲ.

ಇದರ ಮೇಲೆ ಮರುಪಾವತಿ ಪದ್ಧತಿಯ ಭಾರ. ನಗರದ ಗುತ್ತಿಗೆಗಳಲ್ಲಿ ಸ್ವಯಂಸೇವಾ ಸಂಸ್ಥೆ ಸಾಮಾನ್ಯವಾಗಿ ಮೊದಲು ತಾನು ಖರ್ಚು ಮಾಡಿ ಆಮೇಲೆ ಬಿಲ್ಲು ಸಲ್ಲಿಸುತ್ತದೆ. ಗುತ್ತಿಗೆ ನೋಂದಣಿಯಾಗದೆ ಹಣ ಬಿಡುಗಡೆಯಾಗದು. 2022ರಲ್ಲಿ ಮೇಯರ್ ಎರಿಕ್ ಆಡಮ್ಸ್ ಮತ್ತು ನಗರದ ಹಣಕಾಸಿನ ಮೇಲ್ವಿಚಾರಕ (ಕಂಪ್ಟ್ರೋಲರ್) ಬ್ರ್ಯಾಡ್ ಲ್ಯಾಂಡರ್ ಹೀಗೆ ನೋಂದಣಿಯಾಗದೆ ಉಳಿದಿದ್ದ ಬಾಕಿ ತೀರಿಸಲು ಹೊರಟಾಗ, ಸಮಾಜಸೇವಾ ಸಂಸ್ಥೆಗಳಿಗೆಲ್ಲ ಸೇರಿ ಬಿಡುಗಡೆಗೆ ದಾರಿಯಾದ ಮೊತ್ತ 400 ಕೋಟಿ ಡಾಲರ್ ಮೀರಿತ್ತು. ಅದು ಆಹಾರ ವಿತರಣೆಯೊಂದರದ್ದೇ ಅಲ್ಲ, ನಿಜ. ಆದರೆ ಈ ವಿಳಂಬದ ರೋಗ ಒಂದೇ ವಲಯಕ್ಕೆ ಸೀಮಿತವಾಗಿರಲಿಲ್ಲ. ಠೇವಣಿ ಇದ್ದ ದೊಡ್ಡ ಸಂಸ್ಥೆಗಳು ಇಂಥ ವಿಳಂಬವನ್ನು ಸಾಲ ಮಾಡಿಯಾದರೂ ತಾಳಿಕೊಳ್ಳಬಲ್ಲವು. ನೆಲಮಾಳಿಗೆಯ ಪ್ಯಾಂಟ್ರಿಗೆ ಸಾಲ ಕೊಡುವವರು ಯಾರು? ಹೀಗಾಗಿ ಅತಿ ಹತ್ತಿರದಿಂದ ಹಸಿವನ್ನು ಕಂಡವರೇ ಅನುದಾನಕ್ಕೆ ಅತಿ ದೂರ ಉಳಿಯುವ ಏರ್ಪಾಡು ಇದಾಯಿತು.

ಹಳೆಯ ತುರ್ತು ಆಹಾರ ಕಾರ್ಯಕ್ರಮದ ಜಾಗಕ್ಕೆ ನಂತರ ಬಂದ ಕಮ್ಯುನಿಟಿ ಫುಡ್ ಕನೆಕ್ಷನ್ ತಾಜಾ ಪದಾರ್ಥಕ್ಕೂ ಜಾಗ ಕೊಟ್ಟಿದೆ. ಸುಧಾರಣೆ ಸ್ವಾಗತಾರ್ಹ. ಆದರೆ ಮುಂದಿನ ಬಜೆಟ್ಟುಗಳಲ್ಲಿ ಎರಡು ಬದಲಾವಣೆ ಆಗಲೇಬೇಕು: ಸಣ್ಣ ಸಂಸ್ಥೆಗಳಿಗೆ ಗುತ್ತಿಗೆಯ ಒಂದು ಪಾಲು ಮುಂಗಡವಾಗಿ ಸಿಗಬೇಕು; ಬಾಡಿಗೆ, ಶೀತಲ ದಾಸ್ತಾನು, ಕೂಲಿಗಳನ್ನು ಆಹಾರದ ಖರ್ಚೆಂದೇ ಬರೆಯಲು ಅವಕಾಶವಿರಬೇಕು.