ಮೊಬೈಲ್ ಕ್ವಿಜ್ ನೋಡಿ ‘ನನಗೆ ಎಡಿಎಚ್‌ಡಿ ಇದೆ’ ಎಂದು ತೀರ್ಮಾನಿಸಬಹುದೇ?

“ಗಾಡಿ ಕೀ ಎಲ್ಲಿಟ್ಟೆ ಎಂದು ಮರೆಯುತ್ತೀರಾ? ಕೆಲಸ ಅರ್ಧಕ್ಕೇ ಬಿಡುತ್ತೀರಾ? ಹಾಗಾದರೆ ನಿಮಗೆ ಎಡಿಎಚ್‌ಡಿ ಇದೆ!” ಇಂಥ ರೀಲ್ಸ್‌ಗಳನ್ನು ನೀವೂ ನೋಡಿರಬಹುದು. ಇನ್ನೊಂದೆಡೆ, “ಅದು ಮಕ್ಕಳ ಸಮಸ್ಯೆ, ದೊಡ್ಡವರದ್ದು ಬರೀ ಸೋಮಾರಿತನ” ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಏಕೆ ಎಂದು ನೋಡೋಣ.

ದೊಡ್ಡವರಿಗೂ ಇರುತ್ತದೆಯೇ?

ಹೌದು. ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಬಾಲ್ಯದಲ್ಲೇ ಶುರುವಾಗಿ, ಹಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ತರಗತಿಯಲ್ಲಿ ಗಲಾಟೆ ಮಾಡದೆ ತಮ್ಮದೇ ಯೋಚನೆಯಲ್ಲಿ ಮುಳುಗಿರುವ ಮಕ್ಕಳು, ಅದರಲ್ಲೂ ಹುಡುಗಿಯರು, ಯಾರ ಗಮನಕ್ಕೂ ಬರುವುದಿಲ್ಲ. ಇಂಥವರಿಗೆ ಎಷ್ಟೋ ವರ್ಷಗಳ ನಂತರ ವಿಷಯ ತಿಳಿಯುತ್ತದೆ.

ಪತ್ತೆ ಹಚ್ಚುವುದು ಹೇಗೆ?

ಇದಕ್ಕೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮನೋವೈದ್ಯರು ವಿವರವಾಗಿ ಮಾತನಾಡಿಸಿಯೇ ನಿರ್ಧರಿಸಬೇಕು. ವೈದ್ಯರು ಬಳಸುವ ಡಿಎಸ್‌ಎಂ-5 ಮಾನದಂಡದ ಪ್ರಕಾರ, 17 ವರ್ಷ ದಾಟಿದವರಲ್ಲಿ ಗಮನದ ಕೊರತೆಯ 9 ಲಕ್ಷಣಗಳಲ್ಲಿ ಅಥವಾ ಚಡಪಡಿಕೆ-ದುಡುಕಿನ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅವು 6 ತಿಂಗಳಾದರೂ ಮುಂದುವರಿದಿರಬೇಕು. ಕೆಲವು ಲಕ್ಷಣಗಳು 12 ವರ್ಷಕ್ಕೂ ಮೊದಲೇ ಕಂಡಿರಬೇಕು. ಮನೆ, ಕಚೇರಿ ಹೀಗೆ ಎರಡು ಕಡೆಯಾದರೂ ಕಾಣಿಸಿಕೊಂಡು, ಬದುಕಿಗೆ ತೊಂದರೆ ಕೊಡುತ್ತಿರಬೇಕು.

ನಿದ್ದೆಗೇಡು, ಥೈರಾಯ್ಡ್, ಆತಂಕ, ಖಿನ್ನತೆಯಲ್ಲೂ ಮರೆವು, ಗಮನ ತಪ್ಪುವುದು ಸಾಮಾನ್ಯ. ಕ್ವಿಜ್ ನಂಬಿ ಕುಳಿತರೆ ಅಸಲಿ ಕಾಯಿಲೆಗೆ ಚಿಕಿತ್ಸೆಯೇ ಸಿಗದೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 6 ಪ್ರಶ್ನೆಗಳ ಪಟ್ಟಿ ಕೂಡ ವೈದ್ಯರನ್ನು ಕಾಣಬೇಕೇ ಎಂದು ತಿಳಿಯಲು ಮಾತ್ರ. ಅದು ರೋಗನಿರ್ಣಯವಲ್ಲ.

ವೈದ್ಯರ ಬಳಿ ಹೋಗುವಾಗ

ಹಳೆಯ ಮಾರ್ಕ್ಸ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ಚಿಕ್ಕಂದಿನಲ್ಲಿ ಹೇಗಿದ್ದಿರಿ ಎಂದು ಅಮ್ಮನನ್ನೋ ಅಕ್ಕನನ್ನೋ ಕೇಳಿ ಬರೆದುಕೊಳ್ಳಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಬಿಪಿ, ಹೃದಯದ ತೊಂದರೆ, ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ಊರಿಗೆಲ್ಲ ಗೊತ್ತಾದೀತು ಎಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಮಾಹಿತಿ ಗೌಪ್ಯವಾಗಿರುವ ಹಕ್ಕನ್ನು ಕೊಟ್ಟಿದೆ.

ಮಾತ್ರೆ ತಿಂದರೆ ಚಟವಾಗುತ್ತದೆಯೇ?

ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಭಾರತದಲ್ಲಿ ಬಳಕೆಯಲ್ಲಿರುವ ಔಷಧಿಗಳು. ಮೀಥೈಲ್‌ಫೆನಿಡೇಟ್ ದುರ್ಬಳಕೆ ಆಗುವ ಸಾಧ್ಯತೆ ಇರುವುದರಿಂದಲೇ ಅದರ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಬಿಪಿ ಮತ್ತು ನಾಡಿ ಪರೀಕ್ಷಿಸಿಕೊಳ್ಳುತ್ತ ತೆಗೆದುಕೊಂಡರೆ ಚಟದ ಅಪಾಯ ಕಡಿಮೆ. ಗೆಳೆಯರ ಮಾತ್ರೆಯನ್ನು ಮಾತ್ರ ಎಂದಿಗೂ ನುಂಗಬೇಡಿ. ಔಷಧಿಯ ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ದಿನಚರಿ ರೂಪಿಸಿಕೊಳ್ಳುವ ತರಬೇತಿಯೂ ನೆರವಾಗುತ್ತವೆ. “ಬೇರುಸಹಿತ ಗುಣಪಡಿಸುತ್ತೇವೆ” ಎನ್ನುವ ಜಾಹೀರಾತು ನಂಬಬೇಡಿ.

ಎಲ್ಲಿಗೆ ಹೋಗಬೇಕು?

ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಇದು ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ತೀರ್ಮಾನ: ಒಂದು ರೀಲ್ ನೋಡಿ ಎಡಿಎಚ್‌ಡಿ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಅನುಮಾನವಿದ್ದರೆ ವೈದ್ಯರನ್ನು ಕಾಣಿ. ಮುಂದಿನ ಸಲ ಆ ಕ್ವಿಜ್ ಬಂದಾಗ, ಅದರ ಬದಲು 14416 ಸಂಖ್ಯೆಯನ್ನು ಫಾರ್ವರ್ಡ್ ಮಾಡಿ.