ಅಂಚೆಯಲ್ಲಿ ಬಂದ ವ್ಯಾಯಾಮ

ಗಾಂಧಿನಗರದ ನಮ್ಮ ಮನೆಗಳಲ್ಲಿ ಜಾಗವೇ ಕಡಿಮೆ. ತೂಕ ಇಳಿಸೋಕೆ ಮನೆಯಲ್ಲೇ ಏನು ಮಾಡೋದು ಅಂತ ಗೆಳೆಯರು ಕೇಳಿದರೆ ನಾನು ಕೆ.ವಿ. ಅಯ್ಯರ್ ಅವರ ಹೆಸರು ಹೇಳ್ತೀನಿ. ಹೌದು, ‘ಶಾಂತಲಾ’ ಕಾದಂಬರಿ ಬರೆದವರೇ! ಕಾರ್ಪೊರೇಷನ್ ದಾಟಿದರೆ ಸಿಗುವ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ಇತ್ತು. ಅಲ್ಲಿಗೆ ಬರಲಾಗದವರಿಗೆ ಅಂಚೆಯಲ್ಲೇ ಪಾಠ ಕಳಿಸ್ತಿದ್ದರು.

ಬಾರ್‌ಬೆಲ್ಲೋ ಯೋಗವೋ ಅನ್ನೋ ಜಗಳ ಅವರಿಗಿರಲಿಲ್ಲ. 1930ರ ‘ಮಸಲ್ ಕಲ್ಟ್’ ಪುಸ್ತಕದಲ್ಲಿ ತಮ್ಮ ಮೈಕಟ್ಟಿನ ಶ್ರೇಯಸ್ಸನ್ನು ಕಬ್ಬಿಣಕ್ಕಿಂತ ಹೆಚ್ಚಾಗಿ ಹಠಯೋಗಕ್ಕೆ ಕೊಟ್ಟರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೇ ಒಂದು ಪುಸ್ತಕ ತಂದರು. ಹಾಗಂತ ಭಾರ ಎತ್ತೋದನ್ನ ಬಿಡಲಿಲ್ಲ.

ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ. ಹಾಗಾಗಿ ನನಗೆ ಇದು ಬರೀ ಇತಿಹಾಸವಲ್ಲ. ತೂಕ ಇಳಿಯೋದು ಮುಖ್ಯವಾಗಿ ಊಟದ ತಟ್ಟೆಯಿಂದ. ಆದರೆ ಬರೀ ಊಟ ಕಡಿಮೆ ಮಾಡಿದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತೆ. ಅದನ್ನ ಉಳಿಸಿಕೊಳ್ಳೋಕೆ ಭಾರ ಎತ್ತಬೇಕು. ಇಳಿದ ತೂಕ ಮತ್ತೆ ಏರದಂತೆ ತಡೆಯೋಕೆ ಉಸಿರೇರಿಸುವ ನಮಸ್ಕಾರ ನೆರವಾಗುತ್ತೆ. ಬೇಕಿರೋದು ಚಾಪೆಯಷ್ಟು ಜಾಗ, ನೀರು ತುಂಬಿದ ಎರಡು ಬಾಟಲಿ. ಮಂಡಿನೋವು, ಬಿಪಿ ಇದ್ದವರು ಡಾಕ್ಟರನ್ನ ಕೇಳಿಯೇ ಶುರುಮಾಡಿ. ಉಳಿದವರು ನಾಳೆಯೂ ಮಾಡೋಣ ಅನ್ನಿಸುವಷ್ಟೇ ಇವತ್ತು ಮಾಡಿ.