ತೌಬಾ: ಕಾಲು ಕೀಳಬೇಕಾದ ಮಾತು

ಕಲಬುರಗಿ, ವಿಜಯಪುರದ ಕಡೆಯ ದಖನಿ ಮನೆಮಾತಿನಲ್ಲಿ ‘ತೋಬಾ ತೋಬಾ’ ಮತ್ತೆ ಮತ್ತೆ ಕೇಳಿಬರುತ್ತದೆ. ಬೆಲೆ ಏರಿದ ಸುದ್ದಿಗೂ ತೋಬಾ, ಕೆಟ್ಟ ಮಾತು ಕಿವಿಗೆ ಬಿದ್ದರೂ ಕೆನ್ನೆ ಮುಟ್ಟಿಕೊಂಡು ತೋಬಾ. ಇದರ ಮೂಲ ಅರಬಿಯ ‘ತೌಬಾ’. ಅರ್ಥ, ಮರಳಿ ಬರುವುದು. ನಮ್ಮ ‘ಪಶ್ಚಾತ್ತಾಪ’ದಲ್ಲಿ ಮನಸ್ಸು ಬೇಯುತ್ತದೆ. ತೌಬಾಕ್ಕೆ ಅಷ್ಟು ಸಾಲದು, ನಿಂತ ಜಾಗದಿಂದ ಕಾಲು ಕೀಳಬೇಕು. ಕುರ್‌ಆನಿನಲ್ಲಿ ಇದೇ ಕ್ರಿಯಾಪದ ದೇವರಿಗೂ ಸಲ್ಲುತ್ತದೆ: ಮನುಷ್ಯ ಅವನತ್ತ ತಿರುಗಿದರೆ ಅವನೂ ಕರುಣೆಯಿಂದ ಇತ್ತ ತಿರುಗುತ್ತಾನೆ.

ಇಮಾಮ್ ಮುಸ್ಲಿಮ್ ಅವರ ಹದೀಸ್ (ಪ್ರವಾದಿವಚನ) ಸಂಗ್ರಹದಲ್ಲಿ 99 ಜನರನ್ನು ಕೊಂದವನ ಕತೆ ಬರುತ್ತದೆ. ನಿನಗೆ ಕ್ಷಮೆಯಿಲ್ಲ ಎಂದ ಸನ್ಯಾಸಿಯನ್ನೂ ಕೊಂದು ಅವನು ನೂರು ತುಂಬಿಸುತ್ತಾನೆ. ಆಮೇಲೆ ಸಿಕ್ಕ ಬಲ್ಲವರೊಬ್ಬರು, ತೌಬಾಕ್ಕೆ ಯಾರೂ ಅಡ್ಡಬರಲಾರರು, ಆದರೆ ನಿನ್ನ ಊರು ಕೆಟ್ಟದ್ದು, ಅಲ್ಲಿಗೆ ಮರಳಬೇಡ, ಒಳ್ಳೆಯವರಿರುವ ಊರಿಗೆ ಹೋಗು ಎನ್ನುತ್ತಾರೆ. ಅವನು ದಾರಿಯಲ್ಲೇ ಸಾಯುತ್ತಾನೆ. ಎರಡೂ ಊರುಗಳ ದೂರ ಅಳೆದು ನೋಡಿದರೆ ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರವಿದ್ದ. ಕ್ಷಮೆ ದೊರೆಯಿತು.

ಇಂದು ಆ ಕೆಟ್ಟ ಊರು ಅಂಗೈಯ ಮೊಬೈಲಿನಲ್ಲಿದೆ. ರಾತ್ರಿ ನೋಡಬಾರದ್ದನ್ನು ನೋಡಿ ನಸುಕಿನ ಫಜ್ರ್ ನಮಾಜಿನಲ್ಲಿ ಅತ್ತ ಹುಡುಗನ ದುಃಖ ಸುಳ್ಳಲ್ಲ. ಆದರೆ ಆ್ಯಪ್ ಅಲ್ಲೇ ಇದೆ, ಖಾತೆಯೂ ಇದೆ, ಕದ ಹಾಕಿದ ಕೋಣೆಯೂ ಅದೇ. ಇದೊಂದು ಸಲ, ಆಮೇಲೆ ತೌಬಾ ಮಾಡಿದರಾಯಿತು ಎಂದು ಒಳಗಿನ ದನಿ ಹೇಳುತ್ತದೆ. ಈ ಲೆಕ್ಕಾಚಾರ ಬಹಳ ಹಳೆಯದು. ಕುರ್‌ಆನಿನ 12ನೇ ಅಧ್ಯಾಯದಲ್ಲಿ ಪ್ರವಾದಿ ಯೂಸುಫರ ಅಣ್ಣಂದಿರು ತಮ್ಮನನ್ನು ಇಲ್ಲವಾಗಿಸುವ ಸಂಚು ಹೂಡುವಾಗಲೇ, ಆಮೇಲೆ ಒಳ್ಳೆಯವರಾಗಿ ಬಾಳಿದರಾಯಿತು ಎಂದುಕೊಳ್ಳುತ್ತಾರೆ. ಅದೇ ಅಧ್ಯಾಯದಲ್ಲಿ ತಾವಿದ್ದ ಮನೆಯ ಒಡತಿ ಬಾಗಿಲುಗಳನ್ನು ಮುಚ್ಚಿ ಪಾಪಕ್ಕೆ ಕರೆದಾಗ ಯೂಸುಫರು ದೇವರ ಮೊರೆಹೊಕ್ಕರು, ಜೊತೆಗೆ ಬಾಗಿಲಿನತ್ತ ಓಡಿದರು. ಓಟವೂ ಆ ಮೊರೆಯ ಭಾಗವೇ ಎಂದು ನನ್ನ ನಂಬಿಕೆ.

ಆಮೇಲೆ ತೌಬಾ ಮಾಡಿದರಾಯಿತು ಎಂದು ತನಗೆ ತಾನೇ ಮಾಡಿಕೊಳ್ಳುವ ಮೋಸಕ್ಕೆ ಅರಬಿಯಲ್ಲಿ ‘ಗುರೂರ್’ ಎನ್ನುತ್ತಾರೆ. ಇಮಾಮ್ ಗಝಾಲಿ (1058–1111) ತಮ್ಮ ‘ಇಹ್ಯಾ’ ಗ್ರಂಥದ 40 ಭಾಗಗಳಲ್ಲಿ 30ನೆಯದನ್ನು ಗುರೂರಿಗೆ ಮೀಸಲಿಟ್ಟು, ಅದರ ಬೆನ್ನಿಗೇ 31ನೆಯದರಲ್ಲಿ ತೌಬಾದ ಮಾತೆತ್ತಿದರು. ಈ ಅನುಕ್ರಮದ ಬಗ್ಗೆ ನನಗೆ ಅಪಾರ ಗೌರವ. ಇನ್ನೊಂದು ಗುರೂರ್ ಮೊದಲಿನದಕ್ಕಿಂತಲೂ ಕ್ರೂರ: ಇಷ್ಟು ಸಲ ಬಿದ್ದವನಿಗೆ ಇನ್ನೆಲ್ಲಿಯ ತೌಬಾ ಎಂಬ ಹತಾಶೆ. ನೂರು ಕೊಂದವನಿಗೆ ದಾರಿಯಿತ್ತು. ಮತ್ತೆ ಬಿದ್ದವನು ಮತ್ತೆ ಎದ್ದು ಹೊರಡಬಹುದು.

ತೌಬಾಕ್ಕೆ ಇಮಾಮ್ ನವವಿ ಮೂರು ಷರತ್ತು ಹೇಳುತ್ತಾರೆ: ಪಾಪ ಬಿಡುವುದು, ಮರುಗುವುದು, ಮತ್ತೆ ಮಾಡೆನೆಂಬ ನಿಶ್ಚಯ. ಇನ್ನೊಬ್ಬರಿಗೆ ಅನ್ಯಾಯವಾಗಿದ್ದರೆ ನಾಲ್ಕನೆಯದು, ಅವರ ಹಕ್ಕನ್ನು ಮರಳಿಸುವುದು. ಆನ್‌ಲೈನ್ ಬದುಕಿನಲ್ಲಿ ಕಠಿಣವಾದದ್ದು ಇದೇ. ಯಾರದೋ ಹೆಣ್ಣುಮಗಳ ಮೇಲಿನ ಅಪವಾದವನ್ನು ಗುಂಪಿಗೆ ಫಾರ್ವರ್ಡ್ ಮಾಡಿದವನು ತನ್ನ ಫೋನಿನಲ್ಲಿ ಅದನ್ನು ಅಳಿಸಿದರೆ ಅವಳಿಗೆ ಏನು ಮರಳಿತು? ಅದು ಸುಳ್ಳು, ಹರಡಿದವನು ನಾನು ಎಂದು ಅದೇ ಗುಂಪಿನಲ್ಲಿ ಅವನು ಬರೆಯಬೇಕು.